ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಪ್ರವೇಶ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ಶಸ್ತ್ರಚಿಕಿತ್ಸಕರೊಬ್ಬರು ನೀಡಿದ ಉಪನ್ಯಾಸ)



ಸಂತಾನಹರಣ, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಮೊದಲಾದವುಗಳಿಗೆ ಉದರದರ್ಶಕ ಶಸ್ತ್ರಚಿಕಿತ್ಸೆ ಇಂದು ಸಾಮಾನ್ಯವಾಗಿದೆ. ಗಾಯ ಚಿಕ್ಕದು, ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಇಷ್ಟನ್ನು ತಾವು ಬಲ್ಲಿರಿ. ಇದರಲ್ಲಿ ಅತ್ಯಂತ ಅಪಾಯದ ಗಳಿಗೆ ಒಳಗೆ ಕತ್ತರಿಸುವ ಸಮಯವೆಂದು ಹಲವರ ಊಹೆ. ವಾಸ್ತವದಲ್ಲಿ, ಕರುಳಿಗೂ ದೊಡ್ಡ ರಕ್ತನಾಳಗಳಿಗೂ ತಗಲುವ ಗಂಭೀರ ಪೆಟ್ಟುಗಳಲ್ಲಿ ಸುಮಾರು ಅರ್ಧದಷ್ಟು ಮೊದಲ ಉಪಕರಣ ಹೊಟ್ಟೆಯನ್ನು ಹೊಗುವಾಗಲೇ ಸಂಭವಿಸುತ್ತವೆ. ಅಂತಹ ಪ್ರಸಂಗ ವಿರಳ, ಸಾವಿರಕ್ಕೆ ಒಂದರ ಆಸುಪಾಸು. ಆದರೆ ಸಂಭವಿಸಿದಾಗ ಪ್ರಾಣಕ್ಕೇ ಕುತ್ತು.

ಕಾರಣ ಸರಳ. ಆ ಕ್ಷಣದಲ್ಲಿ ಕ್ಯಾಮೆರಾ ಇನ್ನೂ ಒಳಗಿರುವುದಿಲ್ಲ. ಪ್ರವೇಶಕ್ಕೆ ಸಾಮಾನ್ಯವಾಗಿ ಹೊಕ್ಕುಳನ್ನೇ ಆರಿಸುತ್ತಾರೆ, ಏಕೆಂದರೆ ಹೊಟ್ಟೆಯ ಗೋಡೆ ಅಲ್ಲಿ ಅತಿ ತೆಳು. ಆದರೆ ಅದರ ಹಿಂಭಾಗದಲ್ಲಿಯೇ ದೇಹದ ಮಹಾಪಧಮನಿ ಎರಡಾಗಿ ಕವಲೊಡೆಯುತ್ತದೆ. ಕೃಶಳಾದ ಹೆಣ್ಣುಮಗಳಲ್ಲಿ ಚರ್ಮಕ್ಕೂ ಅದಕ್ಕೂ ಕೆಲವೇ ಸೆಂಟಿಮೀಟರ್ ಅಂತರ.

ಒಂದು ವಿಧಾನ ವೆರೆಸ್ ಸೂಜಿಯದು. ಹಂಗೇರಿಯ ವೈದ್ಯ ಯಾನೋಶ್ ವೆರೆಸ್ 1930ರ ದಶಕದಲ್ಲಿ ಇದನ್ನು ರೂಪಿಸಿದ್ದು ಹೊಟ್ಟೆಗಲ್ಲ, ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲು. ಗೋಡೆ ದಾಟಿದೊಡನೆ ಒಳಗಿನ ಮೊಂಡು ತುದಿ ಸ್ಪ್ರಿಂಗಿನ ಬಲದಿಂದ ಮುಂದೆ ಚಿಮ್ಮಿ ಮೊನೆಯನ್ನು ಮರೆಸುತ್ತದೆ. ಬಳಿಕ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ಆರಂಭದ ಒತ್ತಡ ಪಾದರಸದ 10 ಮಿಲಿಮೀಟರಿಗಿಂತ ಕೆಳಗಿದ್ದರೆ ಸೂಜಿ ಸರಿಯಾದ ಸ್ಥಳದಲ್ಲಿದೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಎರಡನೆಯದು 1971ರಲ್ಲಿ ಹ್ಯಾಸನ್ ಪ್ರಕಟಿಸಿದ ತೆರೆದ ವಿಧಾನ: ಚಿಕ್ಕದಾಗಿ ಕೊಯ್ದು, ಪದರ ಪದರವಾಗಿ ಕಣ್ಣಾರೆ ಕಂಡು, ಮೊಂಡು ಕೊಳವೆಯನ್ನು ಇಳಿಸುವುದು.

ಇವುಗಳಲ್ಲಿ ಯಾವುದು ಶ್ರೇಷ್ಠ? ಹೋಲಿಸಿ ನಡೆಸಿದ ಅಧ್ಯಯನಗಳಿಂದ, ಗಂಭೀರ ಗಾಯವನ್ನು ತಪ್ಪಿಸುವಲ್ಲಿ ಒಂದು ಮತ್ತೊಂದಕ್ಕಿಂತ ಮೇಲೆಂದು ಸಿದ್ಧವಾಗಿಲ್ಲ. ಆದ್ದರಿಂದ ಇಬ್ಬರು ವೈದ್ಯರು ಬೇರೆ ಬೇರೆ ದಾರಿ ಹಿಡಿದರೆ ಒಬ್ಬರು ಅರಿಯದವರೆಂದು ಭಾವಿಸಬೇಕಾಗಿಲ್ಲ. ಕೈಗೆ ಪಳಗಿದ ವಿಧಾನಕ್ಕೆ ಬೆಲೆಯಿದೆ.

ಆಯ್ಕೆಯನ್ನು ನಿಜವಾಗಿ ಬದಲಿಸುವುದು ಆ ಹೊಟ್ಟೆಯ ಪೂರ್ವಚರಿತ್ರೆ. ಹಿಂದೆ ನಡುವೆ ಉದ್ದಕ್ಕೆ ಕೊಯ್ದಿದ್ದರೆ, ಹೊಕ್ಕುಳ ಬಳಿ ಒಳಗಿನ ಅಂಗಾಂಶ ಗೋಡೆಗೆ ಅಂಟಿಕೊಂಡಿರುವ ಸಂಭವ ಸುಮಾರು ಅರ್ಧಕ್ಕರ್ಧ; ಅದು ಕೆಲವೊಮ್ಮೆ ಕರುಳೇ ಆಗಿರಬಹುದು. ಆಗ ಅನೇಕರು ಎಡಪಕ್ಕೆಲುಬಿನ ಅಂಚಿನಿಂದ ಮೂರು ಸೆಂಟಿಮೀಟರ್ ಕೆಳಗಿನ ಪಾಮರ್ ಬಿಂದುವನ್ನು ಆರಿಸುತ್ತಾರೆ. ಗುಲ್ಮ ಊದಿಕೊಂಡಿದ್ದರೆ, ಅಥವಾ ಆ ಭಾಗದಲ್ಲಿ ಮೊದಲೇ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ದಾರಿಯೂ ಸಲ್ಲದು.

ಇಲ್ಲಿಯೇ ತಮ್ಮ ಪಾತ್ರವಿದೆ. ಕಲೆ ಕಣ್ಣಿಗೆ ಕಾಣುತ್ತದೆ. ಒಳಗೆ ಕೀವಾಗಿತ್ತೇ, ಹರ್ನಿಯಾಕ್ಕೆ ಜಾಲರಿ ಹಾಕಿದ್ದರೇ ಎಂಬುದು ಹಳೆಯ ಬಿಡುಗಡೆ ಚೀಟಿಯಲ್ಲಿ ಮಾತ್ರ ಸಿಗುತ್ತದೆ. ಆ ಚೀಟಿ ಮನೆಯ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಗೆ ಹೊರಡುವ ಮುನ್ನವೇ ಅದನ್ನು ಹುಡುಕಿಸಲಿ. ಮುಟ್ಟು ತಪ್ಪಿದ್ದರೆ ಸಂಕೋಚಪಡದೆ ತಿಳಿಸಲು ಹೇಳಲಿ.

ರಂಧ್ರವೆಂದು ಹೇಳಿ ದೊಡ್ಡದಾಗಿ ಕೊಯ್ದರೆಂಬ ದೂರು ಪಂಚಾಯತಿಗೂ ಬರುವುದುಂಟು. ಸುರಕ್ಷಿತ ದಾರಿ ಕಾಣದಾಗ ಹೊಟ್ಟೆ ತೆರೆಯುವುದು ವೈದ್ಯರ ಕರ್ತವ್ಯ. ಆ ಸಾಧ್ಯತೆಯನ್ನು ಸಹಿಗೆ ಮೊದಲೇ ಕನ್ನಡದಲ್ಲಿ ತಿಳಿಸಿದ್ದರೇ ಎಂದು ವಿಚಾರಿಸುವುದು ನ್ಯಾಯ.

ಕರುಳಿನ ಗಾಯ ಕೆಲವೊಮ್ಮೆ ಮನೆಗೆ ಬಂದ ಮೇಲೆ ತಲೆದೋರುತ್ತದೆ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, ಜ್ವರ, ವಾಂತಿ, ಹೊಟ್ಟೆಯುಬ್ಬರ ಕಂಡರೆ, ಮಾತ್ರೆ ಕೊಟ್ಟು ಮಲಗಿಸದೆ, ರಾತ್ರಿಯಾದರೂ 108 ವಾಹನ ಕರೆಸಿ ಆಸ್ಪತ್ರೆಗೆ ಕಳುಹಿಸಿರಿ.