ವಿದ್ಯುಲ್ಲೇಪನದ ತೊಳೆನೀರು: ಲೋಹದ ಮರುಗಳಿಕೆ, ಜಲದ ರಕ್ಷಣೆ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರೇ,

ಶಾಮನೂರು, ಹರಿಹರಗಳೆರಡೂ ತುಂಗಭದ್ರಾ ಜಲಾನಯನಕ್ಕೆ ಸೇರಿವೆ. ಹಳ್ಳಕ್ಕೆ ಬಿಟ್ಟ ತ್ಯಾಜ್ಯನೀರು ಒಂದು ಊರಿನ ಗಡಿಯಲ್ಲಿ ನಿಲ್ಲುವುದಿಲ್ಲ.

ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಬಿಡಿಭಾಗವನ್ನು ತೊಟ್ಟಿಯಿಂದ ಎತ್ತಿದಾಗ, ಅದಕ್ಕೆ ಅಂಟಿದ ನಿಕ್ಕಲ್ ಅಥವಾ ಕ್ರೋಮಿಯಂ ದ್ರಾವಣವು ತೊಳೆಯುವ ನೀರಿಗೆ ಇಳಿಯುತ್ತದೆ. ಹಣ ಕೊಟ್ಟು ಕೊಂಡ ಲೋಹವೇ ವಿಷವಾಗಿ ಹರಿಯುತ್ತದೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ 10500ರ ಮಿತಿಯು ಲೀಟರಿಗೆ ಕ್ರೋಮಿಯಂ 0.05, ನಿಕ್ಕಲ್ 0.02 ಮಿಲಿಗ್ರಾಂ ಮಾತ್ರ.

ಬಿಡಿಭಾಗವನ್ನು ತೊಟ್ಟಿಯ ಮೇಲೆಯೇ ಬಸಿಯಬಿಡುವುದು ಮೊದಲ ಉಪಾಯ. ನಿಕ್ಕಲ್ ತೊಳೆನೀರನ್ನು ಪ್ರತ್ಯೇಕವಾಗಿಟ್ಟು ಅಯಾನು ವಿನಿಮಯ ರಾಳದ ಮೂಲಕ ಹಾಯಿಸಿದರೆ ಲೋಹವು ಮರಳಿ ದೊರೆಯುತ್ತದೆ. ಎಲ್ಲವನ್ನೂ ಬೆರೆಸಿ ಸುಣ್ಣ ಹಾಕಿದರೆ ಉಳಿಯುವುದು ಅಪಾಯಕಾರಿ ಕೆಸರು. ಷಡ್ವೇಲೆನ್ಸೀಯ ಕ್ರೋಮಿಯಂ ಸುಣ್ಣದಿಂದ ತಳಗೂಡುವುದೂ ಇಲ್ಲ. ಅದನ್ನು ಮೊದಲು ಆಮ್ಲೀಯ ನೀರಿನಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ತ್ರಿವೇಲೆನ್ಸೀಯ ರೂಪಕ್ಕೆ ಇಳಿಸಬೇಕು. ಸಯನೈಡ್ ಇರುವ ನೀರಿಗೆ ಆಮ್ಲ ಸೇರಿದರೆ ಪ್ರಾಣಾಂತಕ ಅನಿಲ ಹೊಮ್ಮುತ್ತದೆ.

ಘಟಕದ ಅರ್ಜಿ ಬಂದಾಗ ಸದಸ್ಯರು ಮೂರು ವಿಷಯಗಳನ್ನು ವಿಚಾರಿಸತಕ್ಕದ್ದು: ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ? ತೊಳೆನೀರುಗಳನ್ನು ಬೇರ್ಪಡಿಸುವ ವ್ಯವಸ್ಥೆ ಇದೆಯೇ? ಕೆಸರು ಯಾರ ವಶಕ್ಕೆ ಹೋಗುತ್ತದೆ? ಉತ್ತರಗಳು ಸಭಾ ನಡಾವಳಿಯಲ್ಲಿ ದಾಖಲಾಗಲಿ. ಸಮೀಪದ ಕೊಳವೆಬಾವಿಗಳ ನೀರನ್ನು ಲೋಹ ಪರೀಕ್ಷೆಗೂ ಕಳುಹಿಸಬೇಕು. ಲೋಹ ಬೆರೆತ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು.