ಬಂದರಿನ ಸುಂಕ, ಊರಿನ ಗ್ಯಾರಂಟಿ: ವ್ಯಾಜ್ಯ ಎಲ್ಲಿ?





ಹುಬ್ಬಳ್ಳಿಯ ವರ್ತಕರೊಬ್ಬರು ಚೆನ್ನೈ ಬಂದರಿನ ಮೂಲಕ ಯಂತ್ರ ತರಿಸಿದ್ದಾರೆ ಎಂದುಕೊಳ್ಳಿ. ಬೆಲೆ ಕಡಿಮೆ ತೋರಿಸಿದ್ದಾರೆಂಬ ಸಂಶಯದಿಂದ ಅಧಿಕಾರಿ 1962ರ ಕಸ್ಟಮ್ಸ್ ಕಾಯ್ದೆಯ 18ನೇ ಕಲಮಿನಂತೆ ತಾತ್ಕಾಲಿಕವಾಗಿ ಸುಂಕ ನಿಗದಿ ಮಾಡುತ್ತಾರೆ. ವರ್ತಕರು ಬಾಂಡ್ ಬರೆದುಕೊಟ್ಟು, ತಮ್ಮೂರ ಬ್ಯಾಂಕಿನಿಂದ ಗ್ಯಾರಂಟಿ ಕೊಡಿಸಿ ಮಾಲು ಬಿಡಿಸಿಕೊಳ್ಳುತ್ತಾರೆ. ಅಂತಿಮ ಆದೇಶದಲ್ಲಿ ಹೆಚ್ಚುವರಿ ಸುಂಕ ಬೀಳುತ್ತದೆ. ಗ್ಯಾರಂಟಿ ಹಣ ಪಾವತಿಸಿ ಎಂದು ಬ್ಯಾಂಕಿಗೆ ಪತ್ರ ಬರುತ್ತದೆ. ವರ್ತಕರು ಈಗ ಎಲ್ಲಿಗೆ ಹೋಗಬೇಕು?

ಊರ ಸಿವಿಲ್ ಕೋರ್ಟು ಮೊದಲು ನೆನಪಾಗುತ್ತದೆ. ಆದರೆ ವಿಶೇಷ ಕಾಯ್ದೆಯೇ ಸಮರ್ಪಕ ಪರಿಹಾರ ಕೊಟ್ಟು, ಅದರ ಪ್ರಾಧಿಕಾರಗಳ ತೀರ್ಮಾನವನ್ನು ಅಂತಿಮವೆಂದಿದ್ದರೆ ಸಿವಿಲ್ ದಾವೆ ಸಾಮಾನ್ಯವಾಗಿ ನಿಲ್ಲದು ಎಂದು ಸುಪ್ರೀಂ ಕೋರ್ಟು 1968ರ ಧೂಲಾಭಾಯಿ ಪ್ರಕರಣದಲ್ಲೇ ಹೇಳಿದೆ. ಗ್ಯಾರಂಟಿ ಬ್ಯಾಂಕಿನ ಸ್ವತಂತ್ರ ವಾಗ್ದಾನ. ಘೋರ ವಂಚನೆ ಅಥವಾ ಸರಿಪಡಿಸಲಾಗದ ಹಾನಿ ತೋರಿಸದೆ ಅದಕ್ಕೆ ತಡೆಯಾಜ್ಞೆ ಸಿಗುವುದು ದುರ್ಲಭ.

ಹಾಗಾದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ? ಸಂವಿಧಾನದ 226(2)ನೇ ವಿಧಿಯಂತೆ ವ್ಯಾಜ್ಯಕಾರಣದ ಒಂದು ಭಾಗ ಆ ಹೈಕೋರ್ಟಿನ ವ್ಯಾಪ್ತಿಯಲ್ಲಿ ಹುಟ್ಟಿದ್ದರೂ ಸಾಕು. ಆದರೆ ಯಾವುದು ಆ ಭಾಗ? 2001ರಲ್ಲಿ ತೀರ್ಮಾನವಾದ ಅದಾನಿ ಎಕ್ಸ್‌ಪೋರ್ಟ್ಸ್ ಪ್ರಕರಣವನ್ನು ಇಲ್ಲಿ ಗಮನವಿಟ್ಟು ಓದಬೇಕು. ಸುಂಕದ ಪಾಸ್‌ಬುಕ್ ವ್ಯವಹಾರ ನಡೆದದ್ದು ಚೆನ್ನೈಯಲ್ಲಿ, ಅರ್ಜಿ ಹಾಕಿದ್ದು ಗುಜರಾತ್ ಹೈಕೋರ್ಟಿನಲ್ಲಿ. ಆರ್ಡರುಗಳು ಬಂದದ್ದು, ಹಣ ಸಂದಾಯವಾದದ್ದು, ಬ್ಯಾಂಕ್ ಗ್ಯಾರಂಟಿ ಮತ್ತು ಬಾಂಡ್ ಬರೆದುಕೊಟ್ಟದ್ದು ಅಹಮದಾಬಾದಿನಲ್ಲಿ ಎಂದು ಕಂಪನಿ ವಾದಿಸಿತು. ವಿವಾದದ ತಿರುಳಿಗೆ ಸಂಬಂಧವಿಲ್ಲದ ಇಂಥ ಸಂಗತಿಗಳಿಂದ ವ್ಯಾಪ್ತಿ ಹುಟ್ಟದು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಮ್ಮ ವರ್ತಕರ ಗ್ಯಾರಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ಅವರ ದಾರಿ ಕಾಯ್ದೆಯಲ್ಲೇ ಇದೆ. ಆದೇಶ ಕಮಿಷನರಿಗಿಂತ ಕೆಳಗಿನ ಅಧಿಕಾರಿಯದಾದರೆ 60 ದಿನಗಳೊಳಗೆ ಮೇಲ್ಮನವಿ ಕಮಿಷನರರ ಬಳಿ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನು 30 ದಿನ ಸಿಕ್ಕೀತು. ವಿವಾದಿತ ಸುಂಕದ ಶೇ 7.5ರಷ್ಟನ್ನು ಮೊದಲೇ ಕಟ್ಟಬೇಕು. ಅನಂತರ ಸೆಸ್ಟಾಟ್ ನ್ಯಾಯಾಧಿಕರಣ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ: ಸುಂಕದ ದರ ಅಥವಾ ಮೌಲ್ಯದ ಪ್ರಶ್ನೆಯಾದರೆ ನೇರ ಸುಪ್ರೀಂ ಕೋರ್ಟು, ಉಳಿದ ಕಾನೂನು ಪ್ರಶ್ನೆಗಳಾದರೆ ಹೈಕೋರ್ಟು. ನಮ್ಮ ವರ್ತಕರದು ಮೌಲ್ಯದ ಪ್ರಶ್ನೆ.

ತಪ್ಪು ವೇದಿಕೆಯಲ್ಲಿ ಕಳೆದ ಕಾಲದ ಗತಿಯೇನು? ಪ್ರಾಮಾಣಿಕವಾಗಿ, ಎಚ್ಚರದಿಂದ ಹೋರಾಡಿದವರಿಗೆ ಆ ಅವಧಿಯನ್ನು ಬಿಟ್ಟು ಲೆಕ್ಕ ಹಾಕಬಹುದು ಎಂದು 2015ರ ಎಂ.ಪಿ. ಸ್ಟೀಲ್ ತೀರ್ಪು ಹೇಳಿತು. ಆದರೆ ಈ ಕರುಣೆಯನ್ನು ನೆಚ್ಚಿ ಯಾರೂ ತಡೆಯಾಜ್ಞೆ ಬೇಗ ಸಿಗುವ ಊರು ಹುಡುಕಿಕೊಂಡು ಹೋಗಬಾರದು.

ಇಲಾಖೆಗೂ ಹೊಣೆಯಿದೆ. ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಗ್ಯಾರಂಟಿಗೆ ಕೈಹಾಕಿದರೆ ಕಾಯ್ದೆ ಕೊಟ್ಟ ಹಕ್ಕು ಬರೀ ಕಾಗದವಾಗುತ್ತದೆ. ಗ್ಯಾರಂಟಿಯ ಅವಧಿ ಮುಗಿಯುತ್ತಿದ್ದರೆ ನವೀಕರಿಸಿಕೊಳ್ಳಲಿ. ಹಣ ಸುರಕ್ಷಿತವಾಗಿಯೇ ಇರುತ್ತದೆ. ಯುವ ವಕೀಲರಲ್ಲಿ ನನ್ನ ಕೋರಿಕೆ ಒಂದೇ: ಆದೇಶ ಕೈಗೆ ಬಂದ ದಿನವೇ ಅದು ಯಾರದು, ಯಾವ ಊರಿನದು, ಮೇಲ್ಮನವಿ ಯಾರಿಗೆ ಎಂಬುದನ್ನು ಓದಿಕೊಳ್ಳಿ. ಅರ್ಜಿ ಬರೆಯುವುದು ಆಮೇಲಿನ ಕೆಲಸ.