ಗೆದ್ದ ಯುದ್ಧದ ಪಾಠಗಳು



ಕಾರ್ಗಿಲ್ ಯುದ್ಧದ ಸೈನಿಕ ಪಾಠಗಳನ್ನು ಕುರಿತ ಈ ವಿಚಾರ ಸಂಕಿರಣದ ಆಶಯ ಇಷ್ಟೇ: ಗೆದ್ದ ಯುದ್ಧವನ್ನೂ ಸೋತ ಯುದ್ಧದಷ್ಟೇ ನಿಷ್ಠುರವಾಗಿ ಪರಿಶೀಲಿಸಬೇಕು. 1999ರಲ್ಲಿ ದೇಶ 527 ಯೋಧರನ್ನು ಕಳೆದುಕೊಂಡಿತು. ಪ್ರತಿವರ್ಷ ಜುಲೈ 26ರಂದು ಅವರಿಗೆ ನಮಿಸುತ್ತೇವೆ, ನಮಿಸಲೇಬೇಕು. ಆದರೆ ಅವರು ಎದುರಿಸಿದ ಕೊರತೆಗಳನ್ನು ಮುಂದಿನ ಯೋಧ ಮತ್ತೆ ಎದುರಿಸದಂತೆ ಮಾಡಿದಾಗಲಷ್ಟೇ ಆ ಋಣ ತೀರೀತು.

ಮೊದಲ ಪಾಠ ಮುನ್ನೆಚ್ಚರಿಕೆಯದು. ಮೇ ತಿಂಗಳ ಆರಂಭದಲ್ಲಿ ಬಟಾಲಿಕ್ ಭಾಗದ ಬೆಟ್ಟಗಳಲ್ಲಿ ನುಸುಳುಕೋರರನ್ನು ಕಂಡು ಸೇನೆಗೆ ಸುದ್ದಿ ಮುಟ್ಟಿಸಿದವರು, ತಪ್ಪಿಸಿಕೊಂಡ ಯಾಕ್ ಹುಡುಕುತ್ತಿದ್ದ ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ. ಗಡಿಯ ಜನರ ವಿಶ್ವಾಸವೂ ದೇಶದ ರಕ್ಷಣಾ ಶಕ್ತಿಯೇ. ಆದರೆ ಆ ಸುದ್ದಿ ಬರುವ ಹೊತ್ತಿಗೆ ಶತ್ರು ಶ್ರೀನಗರ–ಲೇಹ್ ಹೆದ್ದಾರಿಯ ಮೇಲಿನ ಶಿಖರಗಳಲ್ಲಿ ನೆಲೆಯೂರಿಯಾಗಿತ್ತು.

ಎರಡನೆಯದು ಸಿದ್ಧತೆಯ ಪಾಠ. ದ್ರಾಸ್ ಬಳಿಯ ತೋಲೋಲಿಂಗ್ ಬೆಟ್ಟವನ್ನು ಏರಲು 18 ಗ್ರೆನೇಡಿಯರ್ಸ್ ಪಡೆ ಮತ್ತೆ ಮತ್ತೆ ಯತ್ನಿಸಿ ಭಾರೀ ಸಾವುನೋವು ಕಂಡಿತ್ತು. ಅವರ ಶೌರ್ಯಕ್ಕೆ ಕೊರತೆಯಿರಲಿಲ್ಲ. ಮರೆಯೇ ಇಲ್ಲದ ಕಡಿದಾದ ಇಳಿಜಾರಿನಲ್ಲಿ ಮೇಲಿನಿಂದ ಗುಂಡು ಸುರಿಯುವಾಗ ಶೌರ್ಯವೊಂದೇ ಸಾಲದು. ಬಳಿಕ ಆ ಹೊಣೆ ಹೊತ್ತದ್ದು 2 ರಾಜಪುತಾನಾ ರೈಫಲ್ಸ್. ಅದರ ನಾಯಕ ಎಂ.ಬಿ. ರವೀಂದ್ರನಾಥ್ ನಮ್ಮ ದಾವಣಗೆರೆಯವರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ಅವರು ಹಾದಿಗಳನ್ನು ಗುರುತಿಸಿದರು, ತಾಲೀಮು ನಡೆಸಿದರು, ಬೋಫೋರ್ಸ್ ತೋಪುಗಳ ಬೆಂಬಲವನ್ನು ಹೊಂದಿಸಿಕೊಂಡರು. ಜೂನ್ 13ರಂದು ತೋಲೋಲಿಂಗ್ ಕೈವಶವಾಯಿತು. ಯುದ್ಧದ ದಿಕ್ಕು ಬದಲಾಯಿತು. ಅವರಿಗೆ ವೀರಚಕ್ರ ಸಂದಿತು.

ಮೂರನೆಯ ಪಾಠವನ್ನು ಯುದ್ಧದ ನಡುವೆಯೇ ಕಲಿತದ್ದು ವಾಯುಪಡೆ. ಮೇ 27 ಮತ್ತು 28ರಂದು ಎರಡು ಯುದ್ಧವಿಮಾನ, ಒಂದು ಹೆಲಿಕಾಪ್ಟರ್ ನಷ್ಟವಾದವು. ಕೂಡಲೇ ವಾಯುಪಡೆ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗಳಿಗೆ ಎಟುಕದ ಎತ್ತರದಿಂದ ದಾಳಿ ಮಾಡುವ ವಿಧಾನಕ್ಕೆ ಹೊರಳಿತು. ಮಿರಾಜ್-2000 ವಿಮಾನಗಳು ಲೇಸರ್ ನಿರ್ದೇಶಿತ ಬಾಂಬುಗಳನ್ನು ಶತ್ರು ಹಿಡಿದಿದ್ದ ಟೈಗರ್ ಹಿಲ್ ಶಿಖರದ ಮೇಲೆ ಹಾಕಿದವು.

ಇನ್ನೊಂದು ಕೊರತೆ ನೇರವಾಗಿ ಜೀವ ತೆಗೆಯಿತು. ಶತ್ರುವಿನ ತೋಪು ಎಲ್ಲಿಂದ ಹಾರಿಸುತ್ತಿದೆ ಎಂದು ಪತ್ತೆಹಚ್ಚುವ ರೇಡಾರ್ ಆಗ ನಮ್ಮ ಸೇನೆಯ ಬಳಿ ಇರಲಿಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಎಲ್‌ಆರ್‌ಡಿಇ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ರೂಪಿಸಿದ ‘ಸ್ವಾತಿ’ ರೇಡಾರ್ ಮುಂದೆ ಈ ಕೊರತೆಯನ್ನು ನೀಗಿಸಲು ನೆರವಾಯಿತು. ಇಲ್ಲಿ ಕುಳಿತಿರುವ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ದೇಶದ ರಕ್ಷಣೆ ಪ್ರಯೋಗಾಲಯದಲ್ಲೂ ನಡೆಯುತ್ತದೆ.

ಕೊನೆಯ ಪಾಠ ಪ್ರಜಾಪ್ರಭುತ್ವದ್ದು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ರಚನೆಯಾಯಿತು. ಗೋಪ್ಯ ಭಾಗಗಳನ್ನು ಬಿಟ್ಟು ಅದರ ವರದಿ 2000ದಲ್ಲಿ ಸಂಸತ್ತಿನ ಮುಂದೆ ಬಂತು. ಆದರೆ 1962ರ ಯುದ್ಧದ ಸೋಲಿನ ಬಗೆಗಿನ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಈವರೆಗೂ ಬಹಿರಂಗಪಡಿಸಿಲ್ಲ. ಬಚ್ಚಿಟ್ಟ ತಪ್ಪಿನಿಂದ ಯಾರೂ ಕಲಿಯಲಾರರು. ವರದಿ ಹೊರಬಂದರೂ ಸಾಲದು: ಮೂರು ಪಡೆಗಳಿಗೂ ಸಮನ್ವಯ ತರುವ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಯನ್ನು ಸಚಿವರ ತಂಡ 2001ರಲ್ಲೇ ಶಿಫಾರಸು ಮಾಡಿತ್ತು; ಜನರಲ್ ಬಿಪಿನ್ ರಾವತ್ ಆ ಹೊಣೆ ವಹಿಸಿಕೊಂಡದ್ದು 2020ರ ಜನವರಿಯಲ್ಲಿ. ಉಕ್ರೇನಿನಲ್ಲಿ ಅಗ್ಗದ ಡ್ರೋನ್‌ಗಳು ದುಬಾರಿ ಟ್ಯಾಂಕುಗಳನ್ನು ನಾಶಮಾಡುತ್ತಿರುವ ಈ ಕಾಲದಲ್ಲಿ ಅಷ್ಟು ವರ್ಷ ಕಾಯುವ ಅವಕಾಶ ಯಾವ ದೇಶಕ್ಕೂ ಇಲ್ಲ.

ಆದ್ದರಿಂದ ಈ ಸಂಕಿರಣಕ್ಕೆ ನನ್ನ ಎರಡು ಕೋರಿಕೆಗಳಿವೆ. ಪ್ರಬಂಧ ಮಂಡಿಸುವವರು ಸಾಹಸದ ಜೊತೆಗೆ ಕೊರತೆಗಳನ್ನೂ ಹೆಸರಿಸಿ ಚರ್ಚಿಸಲಿ. ವಿದ್ಯಾರ್ಥಿಗಳು ನಮ್ಮ ಅರಸೀಕೆರೆ ತಾಲ್ಲೂಕಿನ ನಿವೃತ್ತ ಯೋಧರ ಮನೆಗಳಿಗೆ ಹೋಗಿ ಅವರ ಅನುಭವಗಳನ್ನು ಕನ್ನಡದಲ್ಲಿ ದಾಖಲಿಸಲಿ. ಸೇನಾ ವರದಿಗಳಲ್ಲಿ ಸಿಗದ ವಿವರಗಳು ಅವರ ನೆನಪಿನಲ್ಲಿವೆ, ಅವರಿಗೆ ವಯಸ್ಸಾಗುತ್ತಿದೆ. ಆ ಕೆಲಸ ಇಂದಿನ ಗೋಷ್ಠಿಗಳಿಂದಲೇ ಆರಂಭವಾಗಲಿ.